ಬಫಲೋ ಬಂಡೆಯ ಗ್ಯಾಸು

ಶನಿವಾರ ಬೆಳಿಗ್ಗೆ ಐದೂವರೆಗೆ ನಾನಿರುವ ಪಾರ್ಸಿಪನಿ ಬಿಟ್ಟೆವು. ಡ್ರೈವಿಂಗ್ ನನ್ನದು, ಪಕ್ಕದಲ್ಲಿ ಅಪ್ಪ, ಹಿಂದೆ ಪುಳಿಯೋಗರೆ ಡಬ್ಬಿ ಹಿಡಿದ ಅಮ್ಮ. ಬಫಲೋ ನಗರದ ಹತ್ತಿರದ ಪಾರ್ಕೊಂದರಲ್ಲಿ, ಪುಟ್ಟ ಜಲಪಾತದ ಹಿಂದೆ, ಬಂಡೆಯಿಂದ ತಾನಾಗಿ ಬರುವ ಗ್ಯಾಸು ದೀಪದಂತೆ ಉರಿಯುತ್ತದಂತೆ. ಮಂಗಳವಾರ ಇಬ್ಬರೂ ಊರಿಗೆ ವಾಪಸ್ ಫ್ಲೈಟ್ ಇಟ್ಟುಕೊಂಡು, ಅದನ್ನು ನೋಡಲೇಬೇಕೆಂದು ಅಪ್ಪನ ಹಟ. ಮೂವತ್ತು ವರ್ಷ ತೈಲ ಹುಡುಕುವ ಕಂಪನಿಯಲ್ಲಿ ಭೂವಿಜ್ಞಾನಿಯಾಗಿದ್ದವರು. ಅವರು ಗುರುತು ಹಾಕಿದ ಒಂದು ಬಾವಿಯಲ್ಲೂ ಏನೂ ಸಿಗಲಿಲ್ಲ. ಅಪ್ಪ ರಿಟೈರ್ ಆದರೂ ಆ ಕೊರಗು ರಿಟೈರ್ ಆಗಿರಲಿಲ್ಲ.

ಬಿಂಗ್‌ಹ್ಯಾಮ್ಟನ್ ದಾಟಿ ರೆಸ್ಟ್ ಏರಿಯಾದಲ್ಲಿ ತಿಂಡಿ ತಿಂದೆವು. "ಆಳದಲ್ಲಿ ಹುಟ್ಟಿದ ಗ್ಯಾಸು ಕಲ್ಲಿನ ಸಂದುಗಳಲ್ಲಿ ಮೇಲೇರ್ತಾ ಬರುತ್ತೆ," ಅಂದರು ಅಪ್ಪ. "ಗಟ್ಟಿ ಪದರ ಗುಮ್ಮಟದ ಹಾಗೆ ಅಡ್ಡ ಬಂದರೆ ಅದರ ಕೆಳಗೆ ಸಿಕ್ಕಿಬೀಳುತ್ತೆ. ನಾವು ನೆಲ ನಡುಗಿಸಿ, ವಾಪಸ್ ಬರೋ ಸದ್ದಿನಿಂದ ಆ ಗುಮ್ಮಟ ಹುಡುಕ್ತಿದ್ವಿ. ಗುಮ್ಮಟ ಸಿಗ್ತಿತ್ತು, ಕೊರೆದರೆ ಬರೀ ನೀರು!"

"ಮುಚ್ಚಳ ಸರಿಯಾಗಿ ಕೂತಿರಲಿಲ್ಲ ಅನ್ನಿ," ಅಂದರು ಅಮ್ಮ. "ಒಂದು ದಿನವಾದರೂ ನನ್ನನ್ನ ಫೀಲ್ಡಿಗೆ ಕರಕೊಂಡು ಹೋದ್ರಾ?"

ಮಧ್ಯಾಹ್ನ ಪಾರ್ಕ್ ಮುಟ್ಟಿದೆವು. ಪಾರ್ಕಿಂಗ್ ಫ್ರೀ. ಬೇರು ತುಂಬಿದ ಇಳಿಜಾರಿನಲ್ಲಿ ಅರ್ಧ ಗಂಟೆ ನಡೆದು ನೋಡಿದರೆ, ಅಯ್ಯೋ, ಜ್ವಾಲೆಯೇ ಇಲ್ಲ! ಒಮ್ಮೊಮ್ಮೆ ಆರಿಹೋಗುತ್ತದಂತೆ, ಬಂದವರೇ ಮತ್ತೆ ಹಚ್ಚುತ್ತಾರಂತೆ. ಅಪ್ಪ ಲೈಟರ್ ಹಿಡಿದು ಸಂದು ಸಂದಿಗೂ ಹಚ್ಚಿ ನೋಡಿದರು. ನೆಗಡಿಯಿಂದ ಮೂಗು ಬೇರೆ ಕಟ್ಟಿತ್ತು, ವಾಸನೆಯೂ ತಿಳಿಯಲಿಲ್ಲ. ಕೊನೆಗೆ ಕಲ್ಲಿನ ಮೇಲೆ ಕುಸಿದು ಕೂತರು. "ನನ್ನ ಹಣೆಬರಹ. ಇದೂ ಗ್ಯಾಸಿಲ್ಲದ ಒಣಬಾವಿ."



"ಸುಮ್ನಿರಿ," ಎಂದು ಅಮ್ಮ ಮುಂದೆ ಬಂದರು. "ಮನೇಲಿ ಹೊಸ ಸಿಲಿಂಡರ್ ಹಾಕಿದಾಗ ಲೀಕ್ ನೋಡೋದು ಯಾರು? ನಾನು ತಾನೆ?" ಬಾಟಲಿ ನೀರನ್ನು ಒಂದೊಂದೇ ಬಿರುಕಿಗೆ ಸುರಿಯುತ್ತಾ ಬಗ್ಗಿ ನೋಡಿದರು. ನಾಲ್ಕನೆಯದರಲ್ಲಿ ಗುಳುಗುಳು ಗುಳ್ಳೆ ಎದ್ದವು.

"ಇಲ್ಲಿ ಹಚ್ಚಿ."

ಬುಗ್ ಎಂದು ಗೇಣುದ್ದ ಜ್ವಾಲೆ ಎದ್ದಿತು. ಅಪ್ಪ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಅಮ್ಮ ಅಭ್ಯಾಸಬಲದಿಂದ ಶೂ ಬಿಚ್ಚಿ, ಸಾಕ್ಸ್‌ನಲ್ಲೇ ತಣ್ಣನೆ ನೀರಿನಲ್ಲಿ ನಿಂತು ಕೈಮುಗಿದರು.

ಇಳಿಜಾರು ವಾಪಸ್ ಹತ್ತುವಾಗ ಮೂವರೂ ತಿರುಗಿ ನೋಡಿದೆವು. ಇನ್ನೂ ಉರಿಯುತ್ತಿತ್ತು. ಕಾರು ಹೈವೇ ಸೇರಿತು. ಅಪ್ಪ ಹಿಂದೆ ತಿರುಗಿ, "ನಿನ್ನನ್ನ ಫೀಲ್ಡಿಗೆ ಕರಕೊಂಡು ಹೋಗಬೇಕಿತ್ತು ಕಣೇ," ಅಂದರು.

ಅಮ್ಮ ಒದ್ದೆ ಸಾಕ್ಸನ್ನು ಹೀಟರಿಗೆ ಹಿಡಿದು, "ಕರೆದಿದ್ರೆ ಬರ್ತಿದ್ದೆ," ಅಂದರು.