ಸೀಲೂ ಶೀಲವೂ

ಗುಳುಗುಳು ಎಂಬ ಒಂದು ಸದ್ದಿಗಾಗಿ ನಾನು ಮೂರು ದಿನ ಸ್ಟೋರ್ ರೂಮಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕಾದಿದ್ದೇನೆ. ಅಷ್ಟು ಶ್ರದ್ಧೆಯಿಂದ ಬಿ.ಎಡ್. ಪರೀಕ್ಷೆಗೂ ಕುಳಿತವನಲ್ಲ. ವಿಷಯ ಇಷ್ಟೆ, ನಾನು ಮನೆಯಲ್ಲೇ ಬಿಯರ್ ಮಾಡಲು ಹೊರಟಿದ್ದೆ.

ಅರಸೀಕೆರೆಯಲ್ಲಿ ಬಿಯರಿಗೇನು ಬರವೇ ಎಂದು ನೀವು ಕೇಳಬಹುದು. ಬರವೇನಿಲ್ಲ. ಆದರೆ ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ವೈನ್ ಶಾಪಿನ ಮುಂದೆ ನಿಂತರೆ, ಅವನು ಮನೆ ಸೇರುವ ಮೊದಲೇ ಸುದ್ದಿ ಸೇರಿರುತ್ತದೆ. ಅದೂ ಅಲ್ಲದೆ, ಹುದುಗುವಿಕೆಯ ಪಾಠವನ್ನು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದು ಅಳಿಸಿದವನಿಗೆ ಒಮ್ಮೆ ಕಣ್ಣಾರೆ ನೋಡುವ ಚಪಲ ಇರುವುದಿಲ್ಲವೇ? ಈ ಎರಡನೆಯ ಕಾರಣವನ್ನು ಹೆಂಡತಿಗೆ ಹೇಳಿದೆ. ಮೊದಲನೆಯದನ್ನು ಸುಜಾತ ತಾನೇ ಊಹಿಸಿಕೊಂಡಳು.

ಮೊಳಕೆ ರಾಗಿ, ಬೆಲ್ಲ, ಬೇಕರಿಯ ಈಸ್ಟು, ಕಹಿಗೆಂದು ಒಂದು ಹಿಡಿ ಮೆಂತ್ಯ, ಎಲ್ಲವನ್ನೂ ಕುದಿಸಿ ಆರಿಸಿ ಇಪ್ಪತ್ತು ಲೀಟರಿನ ನೀರಿನ ಕ್ಯಾನಿಗೆ ತುಂಬಿದೆ. (ಈಸ್ಟನ್ನು ಕುದಿಸಲಿಲ್ಲ, ಅಷ್ಟು ವಿಜ್ಞಾನ ನನಗೂ ಗೊತ್ತು.) ಮುಚ್ಚಳಕ್ಕೆ ತೂತು ಕೊರೆದು, ಗ್ಲೂಕೋಸ್ ಏರಿಸುವ ಕೊಳವೆ ತೂರಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಸೀಸೆಯಲ್ಲಿ ಮುಳುಗಿಸಿದೆ. ಇದಕ್ಕೆ ಏರ್‌ಲಾಕ್ ಎಂದು ಹೆಸರು. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬರಬಹುದು, ಹೊರಗಿನ ಗಾಳಿ ಒಳಗೆ ಹೋಗಬಾರದು. ಹೋದರೆ ಬಿಯರ್ ಹುಳಿಯಾಗುತ್ತದೆ. ನನ್ನ ಸೀಸೆಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಮುಚ್ಚಳದ ಸಂದಿಯಿಂದ ವಾಸನೆ ಮಾತ್ರ ಧಾರಾಳವಾಗಿ ಬರುತ್ತಿತ್ತು. ಸೀಲು ಬಿಟ್ಟಿತ್ತು.

ಮೇಣ ಸುರಿದೆ, ಬಿರುಕು ಬಿಟ್ಟಿತು. ಸೈಕಲ್ ಟ್ಯೂಬು ಸುತ್ತಿದೆ, ಜಾರಿತು. ರಾಗಿ ಹಿಟ್ಟು ಕಲಸಿ ಮೆತ್ತಿದೆ, ಒಳಗಿನ ರಾಗಿಯ ಸಹವಾಸದಿಂದ ಅದೂ ಹುಳಿ ಬಂದು ಉಬ್ಬಿ ಉದುರಿತು. ಹಳೇಬೀಡಿನ ಶಿಲ್ಪಿಗಳು ಗಾರೆಯ ಹಂಗಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ್ದಾರೆ, ಸಂದಿಯಲ್ಲಿ ಕೂದಲು ತೂರದು. ದಿನವೂ ಆ ಗುಡಿಯ ಹತ್ತಿರ ಬಸ್ಸಿಳಿಯುವ ನನಗೆ ಒಂದು ಪ್ಲಾಸ್ಟಿಕ್ ಮುಚ್ಚಳ ಕೂರಿಸಲು ಬರಲಿಲ್ಲ.

ವಾಸನೆಯ ಜಾಡು ಹಿಡಿದು ಅಪ್ಪ ಬಂದ. ನನ್ನ ಭಯವೆಲ್ಲ ಇದ್ದದ್ದು ಅಲ್ಲೇ. ಪ್ರಾಯದಲ್ಲಿ ಹೆಂಡ ಕುಡಿಯುತ್ತಿದ್ದ ಅಪ್ಪ, ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಬಿಟ್ಟವನು ಮತ್ತೆ ಮುಟ್ಟಿಲ್ಲ. ಹುಣ್ಣಿಮೆಗೊಮ್ಮೆ ಮನೆಯವರನ್ನೆಲ್ಲ ಕೂರಿಸಿಕೊಂಡು ಪಂಚಶೀಲ ಹೇಳಿಸುತ್ತಾನೆ. ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂದು, ಐದನೆಯದು ಅಮಲಿನದನ್ನು ಸೇವಿಸುವುದಿಲ್ಲ ಎಂದು. ಅಪ್ಪನ ನಾಲಗೆಯಲ್ಲಿ ಶೀಲ ‘ಸೀಲ’ವಾಗುತ್ತದೆ. ಐದನೆಯದು ಬರುವ ಹೊತ್ತಿಗೆ ನನಗೆ ಯಾಕೋ ಕೆಮ್ಮು ಬರುತ್ತದೆ.

“ಏನ್ಲಾ ಇದು?”

“ಅರಿಷ್ಟ ಅಪ್ಪ. ಮಂಡಿ ನೋವಿಗೆ.”

ನನ್ನ ಮಂಡಿಗೆ ನೋವಿರಲಿಲ್ಲ, ಅಪ್ಪನ ಮಂಡಿಗಿತ್ತು. ಅರಿಷ್ಟವೂ ಹುದುಗಿಸಿದ್ದೇ, ವಾಸನೆಗೆ ನೆಪವಾಯಿತು. ಮಗ ಹೇಳಿದ, ಅಪ್ಪ ನಂಬಿದ. ನಂಬಿ, ಸೀಲಿನ ಕಡೆ ತಿರುಗಿದ. ರೈಲ್ವೆಯಲ್ಲಿ ಫಿಟ್ಟರ್ ಆಗಿ ಬ್ರೇಕ್ ಪೈಪುಗಳಲ್ಲಿ ಗಾಳಿ ಸೋರುವ ಸದ್ದಿಗೆ ಕಿವಿಗೊಟ್ಟೇ ನಿವೃತ್ತನಾದ ಮನುಷ್ಯ. ಸೋಪಿನ ನೊರೆ ಸವರಿ ತೂತು ಹುಡುಕಿದ. ಹಳೆಯ ಹವಾಯಿ ಚಪ್ಪಲಿಯಿಂದ ದುಂಡಗೆ ಒಂದು ವಾಷರ್ ಕತ್ತರಿಸಿದ.

“ವಾಷರ್ ತೂತು ಪೈಪಿಗಿಂತ ಒಂದೆಳೆ ಚಿಕ್ಕದಿರ್ಬೇಕು ಕಣ್ಲಾ. ಒಳಗೆ ಸಡಿಲ ಇಟ್ಕಂಡು ಮೇಲೆ ಎಷ್ಟ್ ಮೆತ್ತಿದ್ರೂ ಸೋರ್ತೈತೆ.”

ಸ್ವಲ್ಪ ಹೊತ್ತಿಗೆ ಸೀಸೆ ಗುಳುಗುಳು ಎಂದಿತು. ಅಪ್ಪನ ಮುಖ ಅರಳಿತು. ಅಂದಿನಿಂದ ಬೆಳಗಿನ ಕಾಫಿ ಮುಗಿದೊಡನೆ ಗುಳ್ಳೆ ನೋಡಲು ಬರುತ್ತಿದ್ದ. “ಮಗ ನನ್ನ ಮಂಡಿಗೆ ಔಷಧಿ ಮಾಡ್ತಾವ್ನೆ” ಎಂದು ಪಕ್ಕದ ಮನೆಯವರಿಗೂ ಹೇಳಿದ. ಅದನ್ನು ಕೇಳಿದ ದಿನ ನನಗೆ ಮುದ್ದೆ ಇಳಿಯಲಿಲ್ಲ.

ಹನ್ನೆರಡನೆಯ ದಿನ ಗುಳ್ಳೆ ನಿಂತಿತು. ಅಪ್ಪ ಸ್ಟೀಲ್ ಲೋಟ ಹಿಡಿದು ಬಂದ. ನಾನು ಸುಜಾತಳ ಮುಖ ನೋಡಿದೆ. “ಅರಿಷ್ಟ ಅಂದೋರು ನೀವು, ಬಗ್ಗಿಸೋರೂ ನೀವೇ” ಎಂದು ಒಳಗೆ ಹೋದಳು. ಬಗ್ಗಿಸಿದೆ. ಮಂಡಿ ನೀವಿಕೊಳ್ಳುತ್ತ ಅಪ್ಪ ಲೋಟವನ್ನು ತುಟಿಯ ಹತ್ತಿರ ಒಯ್ದ. ಇಷ್ಟು ವರ್ಷ ಕಾಪಾಡಿಕೊಂಡದ್ದನ್ನು ನನ್ನ ಮೇಲಿನ ನಂಬಿಕೆಯಿಂದಲೇ ಕಳೆದುಕೊಳ್ಳಲಿದ್ದ. ಅವನ ಮಣಿಕಟ್ಟು ಹಿಡಿದುಕೊಂಡೆ.

“ಬೇಡಪ್ಪ. ಅದು ಬಿಯರು. ನಾನು ಸುಳ್ಳು ಹೇಳ್ದೆ.”

ಅಪ್ಪ ಲೋಟ ಕೆಳಗಿಟ್ಟ. ನನ್ನನ್ನು ನೋಡಲಿಲ್ಲ, ತಾನು ಕೂರಿಸಿದ ವಾಷರನ್ನೇ ನೋಡುತ್ತ ಕುಳಿತ. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ಟವೆಲ್ಲಿಗೆ ಕೈ ಒರೆಸಿಕೊಂಡು ಎದ್ದ.

“ನಾಕ್ನೇ ಸೀಲ ರಿಪೇರಿ ಆಯ್ತು. ಐದ್ನೇದು ನೀನೇ ನೋಡ್ಕೊ.”

ಬಿಯರ್ ಮಾತ್ರ ಎಳ್ಳಷ್ಟೂ ಹುಳಿಯಾಗಿರಲಿಲ್ಲ. ಅದು ನನಗೆ ಹೇಗೆ ಗೊತ್ತಾಯಿತು ಎಂದು ದಯವಿಟ್ಟು ಕೇಳಬೇಡಿ. ಕೇಳಿದರೆ ಈಗ ನಿಜವನ್ನೇ ಹೇಳಬೇಕಾಗುತ್ತದೆ.