ಏರಿಯ ಹಿಂದೆ ಒಸರಿದ ನೀರು

ಕೆರೆ ತುಂಬಿದ ಸುದ್ದಿಯನ್ನು ಒಂದೇ ಬೆಳಿಗ್ಗೆ ಇಬ್ಬರು ನನಗೆ ಫೋನ್ ಮಾಡಿ ಹೇಳಿದರು. ಮೊದಲು ಮಾಡಿದವರು ಆ ಊರಿನ ಕೆರೆ ಸಮಿತಿಯ ಅಧ್ಯಕ್ಷರು.

"ಮೇಡಂ, ಕೋಡಿ ಬೀಳಾಕೆ ಇನ್ನೊಂದು ಮೊಳ ಐತೆ ಅಷ್ಟೇ. ಊರಿಗೂರೇ ಏರಿ ಮ್ಯಾಲೆ ನಿಂತೈತೆ. ನಾಳೆ ಬಾಗಿನ ಬಿಡ್ತೀವಿ, ನೀವು ಬರಲೇಬೇಕು."

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತುಂಬದಿದ್ದ ಕೆರೆ ಅದು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದೇ ಊರಿನ ನೀರಗಂಟಿ ಫೋನ್ ಮಾಡಿದರು. ಅವರ ದನಿಯಲ್ಲಿ ಸಂಭ್ರಮ ಇರಲಿಲ್ಲ.

"ಮೇಡಂನೋರೆ, ಏರಿ ಹಿಂದೆ ಒಂದ್ಕಡೆ ನೀರು ಒಸರ್ತಾ ಐತೆ. ಬಂದು ನೋಡ್ರಿ."

ಎಲ್ಲಿ ಎಂದು ನಾನು ಕೇಳಲಿಲ್ಲ. ಎಲ್ಲಿ ಎಂದು ನನಗೆ ಗೊತ್ತಿತ್ತು.

ನಾನು ಆಗ ಒಂದು ಗ್ರಾಮಾಭಿವೃದ್ಧಿ ಸಂಸ್ಥೆಯಲ್ಲಿ ಮೇಲ್ವಿಚಾರಕಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳ ಕೆಲಸ ನನ್ನ ಪಾಲಿಗಿತ್ತು. ಬಸವಾಪಟ್ಟಣದ ಕಡೆಯವಳಾದ ನನಗೆ ಚಿಕ್ಕಂದಿನಿಂದ ತೋಟ, ಕಾಲುವೆ, ಸದಾ ಹರಿಯುವ ನೀರು ನೋಡಿ ಅಭ್ಯಾಸ. ಜಗಳೂರಿಗೆ ಮೊದಲ ಸಲ ಹೋದಾಗ ಅಲ್ಲಿನ ಹೆಂಗಸರು ಟ್ಯಾಂಕರ್ ಮುಂದೆ ಕೊಡ ಸಾಲಾಗಿಟ್ಟು ಅರ್ಧ ದಿನ ಕೂರುವುದನ್ನು ಕಂಡಿದ್ದೆ. ಆ ಊರಿನ ಕೆರೆಯ ಹೂಳು ತೆಗೆಸಲೇಬೇಕು ಎಂದು ಸಂಸ್ಥೆಯ ಬೆನ್ನು ಬಿದ್ದವಳು ನಾನೇ.

ಸಮಿತಿ ಮಾಡಿದೆವು. ಜೆಸಿಬಿ ಬಂತು. ಹೂಳು ಬೇಕಾದ ರೈತರು ತಮ್ಮ ಟ್ರ್ಯಾಕ್ಟರಿನಲ್ಲಿ ತಾವೇ ಸಾಗಿಸಬೇಕು ಎನ್ನುವುದು ಒಪ್ಪಂದ. ಆ ದಿನಗಳಲ್ಲಿ ಪರಿಚಯವಾದವರು ಈ ನೀರಗಂಟಿ. ಅರವತ್ತು ದಾಟಿದವರು, ಏರಿಯ ಹಿಂದಿನ ಕೆಳಗಿನ ಕೇರಿಯವರು. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ಅವರ ತಾತನಿಂದ ಬಂದ ಕೆಲಸ. ನೀರೇ ಇಲ್ಲದ ಮೇಲೆ ಆ ಕೆಲಸ ಹೋಗಿ ಹೆಸರಷ್ಟೇ ಉಳಿದಿತ್ತು. ಕೂಲಿಗೆ ಹೋಗುತ್ತಿದ್ದರು. ಆದರೂ ದಿನಾ ಸಂಜೆ ಒಂದು ಸಲ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಬರುತ್ತಿದ್ದರು.

ಅವರು ನನ್ನನ್ನು ಕೇಳಿದ್ದು ಎರಡೇ ಮಾತು. ಒಂದು, ತುಕ್ಕು ಹಿಡಿದು ಕೂತಿದ್ದ ತೂಬನ್ನು ಮೊದಲು ಸರಿ ಮಾಡಿಸಿ ಎಂದು. ಅದು ಯೋಜನೆಯಲ್ಲಿ ಇರಲಿಲ್ಲ, ಮುಂದಿನ ವರ್ಷ ನೋಡೋಣ ಎಂದೆ. ಇನ್ನೊಂದು, ಏರಿಯ ಬುಡದಲ್ಲಿ ಮಣ್ಣು ತೆಗೆಯಬಾರದು ಎಂದು.

"ಏರಿ ಒಳಗಡೆ ಬುಡಕ್ಕೆ ಜೇಡಿ ಹೊದ್ದಿಸಿದಂಗೆ ಐತ್ರಿ ಅದು. ಅದನ್ನ ತೆಗೆದ್ರೆ ನೀರು ಒಳಗೆ ದಾರಿ ಮಾಡ್ಕಂತದೆ. ದೂರದಾಗೆ ತೆಗೀಲಿ, ಎಷ್ಟಾನ ತೆಗೀಲಿ."

ನಮ್ಮ ಸಂಸ್ಥೆಯ ಕಾಗದದಲ್ಲೂ ಅದೇ ಬರೆದಿತ್ತು. ನಾನು ಸುಣ್ಣದ ಗೆರೆ ಹಾಕಿಸಿ, ಇದರಿಂದ ಈಚೆಗೆ ಬರಬೇಡಿ ಎಂದು ಜೆಸಿಬಿಯವನಿಗೆ ಹೇಳಿದೆ. ಆಮೇಲೆ ಎರಡು ದಿನ ಹೊನ್ನಾಳಿಯಲ್ಲಿ ಮಹಿಳಾ ಸಂಘಗಳ ಸಭೆಯಿತ್ತು, ಹೋದೆ. ವಾಪಸು ಬಂದಾಗ ಗೆರೆಯ ಈಚೆಗೆ, ಏರಿಗೆ ಅಂಟಿಕೊಂಡಂತೆ, ಆಳದ ಗುಂಡಿ. ಏರಿಯ ಪಕ್ಕದಲ್ಲೇ ರಸ್ತೆ, ಟ್ರ್ಯಾಕ್ಟರ್ ಹೋಗಲು ಸಲೀಸು. ಹೊಲಕ್ಕೆ ಹಾಕುವ ಗೋಡುಮಣ್ಣು ಬೇರೆ ಅಲ್ಲೇ ಒಳ್ಳೆಯದಿತ್ತು.

"ಜನ ಕೇಳಲಿಲ್ಲ ಮೇಡಂ," ಎಂದರು ಅಧ್ಯಕ್ಷರು. "ಎರಡು ದಿನ ತೆಗೆದಿದ್ದು ಅಷ್ಟೇ. ಏನೂ ಆಗಲ್ಲ ಬಿಡ್ರಿ."

ನೀರಗಂಟಿ ಗುಂಡಿಯ ಅಂಚಿನಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ಗುಂಡಿಗೆ ಜೇಡಿ ತುಂಬಿಸಿ ದಮ್ಮಸ್ಸು ಮಾಡಿಸಬೇಕಿತ್ತು. ಜೆಸಿಬಿ ಮರುದಿನವೇ ಬೇರೆ ಊರಿಗೆ ಹೋಗುವುದಿತ್ತು. ಕಾಮಗಾರಿ ಮುಗಿದ ಕಾಗದಕ್ಕೆ ನಾನು ಸಹಿ ಹಾಕಿದೆ. ಏಕೆ ಹಾಕಿದೆ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಉತ್ತರ ಹೇಳಲು ನಾಚಿಕೆಯಾಗುತ್ತದೆ. ಈ ಕೆರೆ ಎಂದಾದರೂ ತುಂಬುತ್ತದೆ ಎಂದು ನಾನೇ ನಂಬಿರಲಿಲ್ಲ.

ಅದು ತುಂಬಿತು. ಜಗಳೂರಿನ ಕಡೆ ಅಂಥ ಮಳೆ ಜನ ನೋಡಿಯೇ ಇರಲಿಲ್ಲ.

ದಾವಣಗೆರೆ ದಾರಿಯಾಗಿ ಎರಡು ಬಸ್ಸು ಬದಲಿಸಿ ನಾನು ಊರು ಮುಟ್ಟಿದಾಗ ಮಧ್ಯಾಹ್ನ. ಏರಿಯ ಮೇಲೆ ನಿಜಕ್ಕೂ ಜಾತ್ರೆಯಷ್ಟು ಜನ. ಕೆಲವರು ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಊರಿನ ಮಹಿಳಾ ಸಂಘದ ಹೆಂಗಸರು ನನ್ನ ಕೈ ಹಿಡಿದು, "ನಿಮ್ಮಿಂದ ಆತು ಕಣ್ರೀ ಅಕ್ಕಾ," ಎಂದರು. ಒಬ್ಬಾಕೆ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಅದನ್ನು ನುಂಗುತ್ತ ಏರಿಯ ಹಿಂಬದಿಗೆ ಇಳಿದೆ.

ಕೆಳಗೆ ಹುಲ್ಲಿನ ನಡುವೆ ನೀರಗಂಟಿ ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಮುಂದೆ ಅಂಗೈಯಗಲದ ಜಾಗದಲ್ಲಿ ನೀರು ಸದ್ದಿಲ್ಲದೆ ಜಿನುಗುತ್ತಿತ್ತು. ಅವರ ಕೈಯಲ್ಲಿ ಒಂದು ಸ್ಟೀಲ್ ಲೋಟ. ಅದರಲ್ಲಿ ನೀರು ಹಿಡಿದು ಬೆಳಕಿಗೆ ತೋರಿಸಿದರು.

"ಈಗ ತಿಳಿ ಐತೆ. ತಿಳಿ ಇದ್ರೆ ಅಂಥಾ ಭಯ ಇಲ್ಲ. ಕೆಂಪು ಬಂತು ಅಂದ್ರೆ ಏರಿ ಒಳಗಿಂದ ಮಣ್ಣು ಕರಗ್ತಾ ಐತೆ ಅಂತ."

ಸಂಸ್ಥೆಯ ಇಂಜಿನಿಯರಿಗೆ ಫೋನ್ ಮಾಡಿದೆ. ಅವರೂ ಅದನ್ನೇ ಹೇಳಿ, ಎರಡು ದಿನದಲ್ಲಿ ಬರುತ್ತೇನೆ ಎಂದರು. ಆ ಸಂಜೆ ಕತ್ತಲಾಗುವವರೆಗೂ ನಾವಿಬ್ಬರು ಅಲ್ಲೇ ಇದ್ದೆವು. ಒಂದೊಂದು ಗಂಟೆಗೂ ಅವರು ಲೋಟ ತುಂಬಿಸಿ ನೆಲದ ಮೇಲಿಟ್ಟು, ತಳದಲ್ಲಿ ಏನಾದರೂ ನಿಲ್ಲುತ್ತದೆಯೇ ಎಂದು ಕಾಯುತ್ತಿದ್ದರು. ಏನೂ ನಿಲ್ಲಲಿಲ್ಲ. ತಲೆಯ ಮೇಲೆ, ಏರಿಯ ಆಚೆಗೆ, ಜನರ ನಗು ಕೇಳುತ್ತಿತ್ತು. ನಾವು ಕೂತ ಜಾಗದಿಂದ ನೀರು ಕಾಣುತ್ತಿರಲಿಲ್ಲ. ಅದು ನಮ್ಮ ತಲೆಗಿಂತ ಎಷ್ಟು ಮೇಲಿದೆ ಎನ್ನುವುದು ಮಾತ್ರ ಗೊತ್ತಿತ್ತು.

ಸಂಘದ ಹೆಂಗಸೊಬ್ಬಳ ಮನೆಯಲ್ಲಿ ಮಲಗಿದೆ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ನೀರಗಂಟಿ ಬಾಗಿಲಲ್ಲಿ ನಿಂತಿದ್ದರು. ಲೋಟ ಚಾಚಿದರು. ತಳದಲ್ಲಿ ಉಗುರಿನ ದಪ್ಪ ಕೆಂಪು ಮಣ್ಣು ಕೂತಿತ್ತು.

"ಏರಿ ಇನ್ನೆಷ್ಟು ಹೊತ್ತು ತಡೀತದೆ ಯಜಮಾನ್ರೇ?" ಎಂದು ಕೇಳಿದೆ.

"ಅದು ನನಗೂ ಗೊತ್ತಿಲ್ರಿ. ಮೊದಲು ಕೇರಿ ಖಾಲಿ ಮಾಡಿಸ್ರಿ."

ಕೇರಿಗೆ ಹೋಗುವ ದಾರಿಯಲ್ಲೇ ತೂಬಿನ ಹತ್ತಿರ ನಿಂತೆವು. ನಾಲ್ಕು ಜನ ಹಗ್ಗ ಕಟ್ಟಿ ಎಳೆದರೂ ಅದು ಅಲುಗಲಿಲ್ಲ. ಉಳಿದದ್ದು ಒಂದೇ ದಾರಿ, ಹೆಚ್ಚಾದ ನೀರು ಹೊರಬೀಳುವ ಕೋಡಿಯನ್ನು ಕಡಿದು ತಗ್ಗಿಸಿ ನೀರು ಹಳ್ಳಕ್ಕೆ ಬಿಡುವುದು. ಅಷ್ಟರಲ್ಲಿ ಬಾಗಿನದ ಮೊರ ಹಿಡಿದು ಜನ ಸೇರತೊಡಗಿದ್ದರು. ಅಧ್ಯಕ್ಷರು ಅಡ್ಡ ನಿಂತರು.

"ತುಂಬಿದ ಕೆರೆ ಕಡೀತೀರಾ? ಮತ್ತೆ ಯಾವ ಕಾಲಕ್ಕೆ ತುಂಬ್ತದ್ರೀ ಇದು? ಇವ್ನು ಹೇಳ್ದ ಅಂತ ನೀವೂ ಕುಣೀತೀರಲ್ಲ!"

ಜನ ಅವರ ಮಾತಿಗೆ ತಲೆದೂಗಿದರು. ನಾನು ಲೋಟವನ್ನು ಎತ್ತಿ ಹಿಡಿದು, ಜೋರಾಗಿಯೇ ಹೇಳಿದೆ. ಏರಿಯ ಬುಡದಲ್ಲಿ ಗುಂಡಿ ಬಿದ್ದದ್ದು, ಈ ಯಜಮಾನರು ಬೇಡವೆಂದದ್ದು, ಗುಂಡಿ ಮುಚ್ಚದೆ ಕೆಲಸ ಮುಗಿದಿದೆ ಎಂದು ನಾನು ಸಹಿ ಹಾಕಿದ್ದು, ಎಲ್ಲ ಹೇಳಿದೆ. "ತಪ್ಪು ನಂದು. ಬೈಯೋದು ಆಮೇಲೆ ಬೈಯ್ರಿ. ಈಗ ಕೆಳಗಿನ ಕೇರಿಯೋರು ಮೇಲೆ ಬರಬೇಕು."

ಹಿಂದಿನ ದಿನ ನನ್ನ ಬಾಯಿಗೆ ಸಕ್ಕರೆ ಹಾಕಿದವಳು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಆದರೆ ಮೊರವನ್ನು ಕೆಳಗಿಟ್ಟು ಮೊದಲು ಕೇರಿಗೆ ಓಡಿದವಳೂ ಅವಳೇ.

ಕೇರಿಯಲ್ಲಿ ಮೂವತ್ತರಷ್ಟು ಮನೆ. ಎಮ್ಮೆ, ಕುರಿ, ಪಾತ್ರೆ, ಹಾಸಿಗೆ, ರೇಷನ್ ಕಾರ್ಡು, ಗೋಡೆಗೆ ಹಾಕಿದ ಬುದ್ಧನ ಪಟ, ಕೈಗೆ ಸಿಕ್ಕಿದ್ದನ್ನು ಹೊತ್ತು ಜನ ಶಾಲೆಯ ಕಡೆಗೆ ನಡೆದರು. ಮಂಚ ಬಿಟ್ಟು ಏಳಲಾರದ ಮುದುಕಿಯೊಬ್ಬರನ್ನು ಮಂಚ ಸಮೇತ ಎತ್ತಿಕೊಂಡು ಹೋದೆವು. ದಾರಿಯುದ್ದಕ್ಕೂ ಆಕೆ, "ಎಲ್ಲಿಗೆ, ಎಲ್ಲಿಗೆ," ಎಂದು ಕೇಳುತ್ತಲೇ ಇದ್ದರು. ಅತ್ತ ಗಂಡಸರು ಕೋಡಿ ಕಡಿಯುತ್ತಿದ್ದರು. ಅಧ್ಯಕ್ಷರೂ ಕೊನೆಗೆ ಪಿಕಾಸಿ ಹಿಡಿದರು. ನೀರು ಹಳ್ಳಕ್ಕೆ ಧುಮುಕತೊಡಗಿತು. ಅರ್ಧ ಗೇಣು ಇಳಿದಿರಬಹುದು.

ಊಟದ ಹೊತ್ತು ದಾಟಿತ್ತು. ಶಾಲೆಯ ಜಗಲಿಯಲ್ಲಿ ನಿಂತಿದ್ದ ನಮಗೆ ಮೊದಲು ಸದ್ದೇನೂ ಕೇಳಲಿಲ್ಲ. ಏರಿಯ ಮೇಲಿನ ಒಂದು ಜಾಲಿ ಮರ ನಿಧಾನವಾಗಿ, ಯಾರೋ ಕೈ ಹಿಡಿದು ಇಳಿಸಿದ ಹಾಗೆ, ಕೆಳಗೆ ಇಳಿಯಿತು. ಆಮೇಲೆ ಸದ್ದು ಬಂತು. ಕಂದು ನೀರು ಕೇರಿಯ ಮೊದಲ ಸಾಲಿಗೆ ಬಡಿದಾಗ ಮಣ್ಣಿನ ಗೋಡೆಗಳು ಧೂಳು ಕೂಡ ಎಬ್ಬಿಸದೆ ಕುಸಿದವು. ಅದರಲ್ಲಿ ನೀರಗಂಟಿಯ ಮನೆಯೂ ಇತ್ತು. ಯಾರೂ ಅಳಲಿಲ್ಲ. ಜನ ತಮ್ಮವರನ್ನು ಎಣಿಸುತ್ತಿದ್ದರು. ಎಲ್ಲರೂ ಇದ್ದರು.

ಸಂಜೆ ನಾನು ನೀರಗಂಟಿಯ ಪಕ್ಕ ಹೋಗಿ ಕೂತೆ. ಆಗಲೇ ಹೇಳಿದ್ದೆನಲ್ಲ ಎಂದು ಅವರು ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು, "ಊಟ ಮಾಡಿದ್ರೇನ್ರಿ?" ಎಂದರು.

ತನಿಖೆಗೆ ಬಂದವರು ಅತಿವೃಷ್ಟಿಯಿಂದ ಏರಿ ಒಡೆದಿದೆ ಎಂದು ಬರೆದುಕೊಂಡು ಹೋದರು. ನಾನು ಗುಂಡಿಯ ವಿಷಯ ಬರೆದು ಸಹಿ ಮಾಡಿ ಸಂಸ್ಥೆಗೆ ಕೊಟ್ಟೆ. ಹಿರಿಯರೊಬ್ಬರು ಅದನ್ನು ಓದಿ ನನಗೇ ಹಿಂತಿರುಗಿಸಿ, "ಇದರಿಂದ ಯಾರಿಗೆ ಉಪಯೋಗ, ಹೇಳಿ?" ಎಂದರು. ಮತ್ತೆ ಅಂಚೆಯಲ್ಲಿ ಕಳಿಸಿದೆ. ಉತ್ತರ ಬರಲಿಲ್ಲ. ಕೇರಿಯವರಿಗೆ ಮನೆ ಮಂಜೂರಾದವು, ಬೇರೆ ಜಾಗ ಸಿಗದೆ ಅದೇ ಜಾಗದಲ್ಲಿ.

ಮುಂದಿನ ಬೇಸಿಗೆಯಲ್ಲಿ ನಾನು ನೀರಗಂಟಿಯನ್ನು ಒಂದು ಮಾತು ಕೇಳಿಕೊಂಡೆ. ನಾನು ಸಹಿ ಹಾಕಿದ ಬೇರೆ ಕೆರೆಗಳನ್ನು ಒಮ್ಮೆ ನೋಡಿಕೊಡಿ ಎಂದು. ಅವರು ಒಪ್ಪಿ ಚೀಲ ಹಿಡಿದು ಬಸ್ ಹತ್ತಿ ಬಂದರು. ತ್ಯಾವಣಿಗೆಯ ಕಡೆಯದನ್ನು ನೋಡಿ ಪರವಾಗಿಲ್ಲ ಎಂದರು. ಹೊನ್ನಾಳಿಯ ಕಡೆಯದರಲ್ಲಿ ತೂಬು ಎತ್ತಿಸಿ, ಇಳಿಸಿ, ತೃಪ್ತಿಪಟ್ಟರು. ಮೂರನೆಯ ದಿನ ಸವಳಂಗದಿಂದ ಒಂದು ಸ್ಕೂಟರಿನಲ್ಲಿ ಹೋಗಿ ಸಣ್ಣ ಕೆರೆಯೊಂದರ ಏರಿ ಹತ್ತಿದೆವು. ಅವರು ಒಳಬದಿಗೆ ಇಳಿದು ತುಂಬ ಹೊತ್ತು ಬುಡದ ಮಣ್ಣನ್ನು ಕೈಯಲ್ಲಿ ಕೆದಕಿದರು. ಆಮೇಲೆ ಎದ್ದು ಏರಿಯ ಹಿಂಬದಿಗೆ ತಿರುಗಿ ಹಣೆಯ ಮೇಲೆ ಕೈಯಿಟ್ಟು ನೋಡಿದರು.

"ಇಲ್ಲೂ ಬುಡದ ಜೇಡಿ ಹೋಗೈತೆ. ಕೆಳಗೆ ಎಷ್ಟು ಮನೆ ಅದಾವ್ರಿ?"

ನನಗೆ ಗೊತ್ತಿರಲಿಲ್ಲ. ಪೂರ್ವದಲ್ಲಿ ಮೋಡ ಕಟ್ಟುತ್ತಿತ್ತು. ಇಬ್ಬರೂ ಏರಿ ಇಳಿದು, ಮೊದಲು ಕಂಡ ಮನೆಯ ಬಾಗಿಲು ಬಡಿದೆವು.