ಆ ಹಾಡಿಗೆ ಬೂಟು ಬಿಚ್ಚುತ್ತಿದ್ದವನು

ನನ್ನ ಗೆಳೆಯ ಬೆಟಗೇರಿಯ ಒಂದು ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುತ್ತಿದ್ದ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ನಾನು ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು ಗಂಟೆಯ ಸದ್ದಿಗೆ ಮಲಗಿ ಬೆಳೆದು, ಕಡೆಗೆ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾದೆ. ಅವನು ತನ್ನ ಅಪ್ಪನ ಕಸುಬು ಹಿಡಿದ. ನಿವೃತ್ತನಾದ ಮೇಲೂ ನಾನು ಐದಕ್ಕೆ ಏಳುತ್ತೇನೆ. ಅವನಾದರೋ ಕಂಪನಿಯ ಟೆಂಪೊ ಬಂದು ಹಾರ್ನ್ ಹೊಡೆದಾಗಷ್ಟೇ ಏಳುವವನು.

ಒಂದು ಹಿಂದಿ ಸಿನಿಮಾ ಹಾಡು ಆಗ ಎಲ್ಲ ಕಡೆಯೂ ಓಡುತ್ತಿತ್ತು. ಆಟೊದಲ್ಲಿ, ಕಟಿಂಗ್ ಅಂಗಡಿಯಲ್ಲಿ, ಕಾಲೇಜಿನ ಗ್ಯಾದರಿಂಗ್‌ನಲ್ಲಿ ಅದೇ. ಮದುವೆ ಮೆರವಣಿಗೆಯಲ್ಲಂತೂ ಅದಿಲ್ಲದೆ ವರನ ಕಡೆಯವರು ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ಹಾಡಿನ ಮೂಲ ಫಕೀರರದು. ಎಷ್ಟೋ ಕಾಲದಿಂದ ದಫ್ ಬಡಿದು ಹೇಳಿಕೊಂಡು ಬಂದ ಪದವನ್ನು ಸಿನಿಮಾದವರು ಎತ್ತಿಕೊಂಡು, ಗತಿ ಏರಿಸಿ, ಕುಣಿಯುವಂತೆ ಮಾಡಿದ್ದರು. ನನಗೆ ಇದನ್ನು ತಿಳಿಸಿದವನು ನನ್ನ ಗೆಳೆಯನೇ.

ಮುಂಡರಗಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆ. ಮಧ್ಯಾಹ್ನ ಹನ್ನೆರಡರ ಬಿಸಿಲು. ಮೆರವಣಿಗೆ ಬಸ್ ನಿಲ್ದಾಣದ ಹತ್ತಿರ ಬಂದಾಗ ಹುಡುಗರು ಆ ಹಾಡು ಕೇಳಿದರು. ನನ್ನ ಗೆಳೆಯ ಬಗ್ಗಿ, ಬೂಟು ಬಿಚ್ಚಿ, ಎರಡನ್ನೂ ರಸ್ತೆಯ ಪಕ್ಕಕ್ಕೆ ಜೋಡಿಸಿಟ್ಟು, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತು ಊದತೊಡಗಿದ. ಹಾಡು ಮುಗಿದ ಮೇಲೆ ಮತ್ತೆ ಬೂಟು ಹಾಕಿಕೊಂಡ. ಹುಡುಗರು ಮತ್ತೆ ಕೇಳಿದರು, ಮತ್ತೆ ಬಿಚ್ಚಿದ. ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಪಾದಗಳಲ್ಲಿ ಸ್ಪರ್ಶ ಸತ್ತುಹೋಗಿತ್ತು. ಮುಳ್ಳು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ.

ಊಟದ ಪಂಕ್ತಿಯಲ್ಲಿ ಅವನ ಪಕ್ಕ ಕುಳಿತೆ.

"ಲೇ, ಡಾಕ್ಟರ್ ನಿನಗ ಏನಂದಾರ?"

"ಬರಿಗಾಲಿಲೆ ಅಡ್ಡಾಡಬ್ಯಾಡ ಅಂದಾರ."

"ಮತ್ತ?"

"ಅಡ್ಡಾಡಿಲ್ಲಲೇ. ನಿಂತು ಊದೇನಿ."

"ಸಿನಿಮಾದ ಹಾಡಿಗೆ ಯಾಕ ಬೂಟು ಬಿಚ್ಚಬೇಕು?"

ಅವನು ಅನ್ನ ಕಲಸುವುದನ್ನು ನಿಲ್ಲಿಸಿದ. "ಸಿನಿಮಾದವರು ಅದಕ್ಕ ಹೊಸ ಅಂಗಿ ತೊಡಿಸ್ಯಾರ, ಅಷ್ಟ. ಒಳಗಿನ ಮನಷ್ಯಾ ಅವನ ಅದಾನ. ನಮ್ಮಪ್ಪ ಲಕ್ಷ್ಮೇಶ್ವರದ ದರ್ಗಾದಾಗ ಬೇಸ್ತವಾರಕ್ಕೊಮ್ಮೆ ಇದನ್ನ ಊದತಿದ್ದ. ಹೊಸ್ತಿಲ ಹೊರಗ ಚಪ್ಪಲಿ ಬಿಡತಿದ್ದ. ಈಗ ಹಾಡ ಹೊಸ್ತಿಲ ದಾಟಿ ರಸ್ತೇಕ ಬಂದೈತಿ. ಅದಕ್ಕ ನಾ ಏನ ಮಾಡ್ಲಿ?"

ಅವನ ಅಪ್ಪ ವಾರಕ್ಕೆ ಒಂದು ಸಲ, ನೆರಳಿನ ಕಲ್ಲುಹಾಸಿನ ಮೇಲೆ ನಿಂತು ಊದುತ್ತಿದ್ದ. ಇವನು ಒಂದೇ ಮೆರವಣಿಗೆಯಲ್ಲಿ ನಾಲ್ಕೈದು ಸಲ, ಬಿಸಿಲಿನಲ್ಲಿ. ಆ ಹಾಡು ಜನರ ಬಾಯಿಗೆ ಬೀಳದೆ ಇದ್ದಿದ್ದರೆ ಅವನ ಪಾದಕ್ಕೆ ಏನೂ ಆಗುತ್ತಿರಲಿಲ್ಲ. ಇದನ್ನು ಅವನಿಗೆ ಹೇಳಿದೆ. "ಹಾಡಿಗೆ ಒಳ್ಳೇ ಕಾಲ ಬಂತು ಅಂತ ನಾ ಖುಷಿಪಡಬೇಕೋ ಅಳಬೇಕೋ?" ಎಂದು ಕೇಳಿ ಸಾರು ಬಡಿಸಿಕೊಂಡ.

ನಾನು ಶಾಲೆಯಲ್ಲಿ ಸೋಮವಾರ ಮಕ್ಕಳ ಉಗುರು ನೋಡುತ್ತಿದ್ದೆ, ಬುಧವಾರ ಹಲ್ಲು. ಆ ರೂಢಿಯಲ್ಲಿಯೇ ಮರುದಿನದಿಂದ ಬೆಳಿಗ್ಗೆ ಆರಕ್ಕೆ ಅವನ ಮನೆಗೆ ಹೋಗತೊಡಗಿದೆ. ಅವನು ಹೊರಸಿನ ಮೇಲೆ ಕಾಲು ಚಾಚಿ ಕೂರುತ್ತಿದ್ದ. ನಾನು ಬೆರಳುಗಳ ಸಂದಿ, ಅಂಗಾಲು, ಹಿಮ್ಮಡಿ ನೋಡಿ, ಒರೆಸಿ, ಎಣ್ಣೆ ಹಚ್ಚುತ್ತಿದ್ದೆ. ಅವನ ಹೆಂಡತಿ ಚಹಾ ತಂದಿಡುತ್ತ, "ಮಾಸ್ತರ್ರಿ, ನಾ ನೋಡ್ತೀನಂದ್ರ ಕಾಲು ಎಳಕೋತಾರ. ನಿಮಗರೇ ಅಂಜತಾರ," ಎನ್ನುತ್ತಿದ್ದರು. ಅವನು, "ಅಂಜಿಕಿ ಅಲ್ಲ, ಇಂವಾ ಫೇಲ್ ಮಾಡಿದ್ರ ಕಷ್ಟ," ಎಂದು ಗೋಡೆಯ ಕಡೆ ಮುಖ ಮಾಡಿ ನಗುತ್ತಿದ್ದ.

ನಾಲ್ಕು ವರ್ಷ ಹೀಗೆ ನಡೆಯಿತು. ಎರಡು ಸಲ ಬೊಬ್ಬೆ ಬಂದವು, ಎರಡನ್ನೂ ಬೇಗ ಹಿಡಿದೆ. ಎರಡನೆಯ ಸಲ ಡಾಕ್ಟರು ಅವನನ್ನು ಬಿಟ್ಟು ನನ್ನನ್ನೇ ಬೈದರು. ಅಂದೇ ಒಂದು ಉಪಾಯ ಹೊಳೆಯಿತು. ಬೂಟು ಬಿಚ್ಚಲಿ, ಆದರೆ ಒಳಗೆ ದಪ್ಪ ಕಾಲುಚೀಲ ಇರಲಿ.

"ಕಾಲುಚೀಲ ಹಾಕ್ಕೊಂಡು ದರ್ಗಾದೊಳಗ ಹೋಗತಾರೋ ಇಲ್ಲೋ?" ಎಂದು ಕೇಳಿದೆ.

"ಹೋಗತಾರ."

"ಅಂದ ಮ್ಯಾಲ ರಸ್ತೆದಾಗ ನಿಂದರಾಕ ಏನ ಅಡ್ಡಿ?"

ಅವನಿಗೆ ಮನಸ್ಸಿರಲಿಲ್ಲ ಎಂದು ಈಗ ಅನಿಸುತ್ತದೆ. ಕಡೆಗೆ, "ನೀ ವಕೀಲ ಆಗಬೇಕಾಗಿತ್ತಲೇ. ಆತು, ತಾ," ಎಂದ.

ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಬಿಳಿ, ಬೂದು, ಕಪ್ಪು ಮೂರೂ ಬಣ್ಣಗಳಿದ್ದವು. ನಾನು ಕಪ್ಪನ್ನು ಆರಿಸಿದೆ. ಬ್ಯಾಂಡಿನವರ ಪ್ಯಾಂಟು ಕಪ್ಪು, ಹೊಂದಿಕೆಯಾಗುತ್ತದೆ. ರಸ್ತೆಯ ಧೂಳು, ಕಲೆ ಎದ್ದು ಕಾಣುವುದಿಲ್ಲ. ಸಮವಸ್ತ್ರದ ವಿಷಯದಲ್ಲಿ ನನಗೆ ಅಂಥ ಕಾಳಜಿ. ಆರು ಜೊತೆ ತಂದೆ. ಪಾದಕ್ಕೆ ಈಗ ಕಾವಲು ಸಿಕ್ಕಿತು ಎಂದುಕೊಂಡು ದಿನದ ತಪಾಸಣೆಯನ್ನು ವಾರಕ್ಕೊಮ್ಮೆ, ಭಾನುವಾರಕ್ಕೆ ಇಳಿಸಿದೆ.

ವೈಶಾಖದಲ್ಲಿ ಹಮ್ಮಿಗಿಯಲ್ಲಿ ಒಂದು ಮದುವೆ. ಸೋಮವಾರ. ನಾನು ಹೋಗಿರಲಿಲ್ಲ. ಊರೊಳಗಿನ ರಸ್ತೆಗೆ ಹೊಸದಾಗಿ ಜಲ್ಲಿ ಹಾಸಿದ್ದರಂತೆ. ವರನ ಗೆಳೆಯರು ಆ ಹಾಡನ್ನು ಬಿಡದೆ ಕೇಳಿದರಂತೆ. ಎಷ್ಟು ಸಲ ಎಂದು ಡ್ರಮ್ ಬಾರಿಸುವವನನ್ನು ಆಮೇಲೆ ಕೇಳಿದಾಗ, "ಲೆಕ್ಕ ಇಡಲಿಲ್ರಿ," ಎಂದ. ಜಲ್ಲಿಯ ಚೂಪು ನನ್ನ ಗೆಳೆಯನ ಎಡಗಾಲಿನ ಅಂಗಾಲನ್ನು ಕೊಯ್ದಿತ್ತು. ಅವನಿಗೆ ನೋವು ತಿಳಿಯಲಿಲ್ಲ. ಕಪ್ಪು ಕಾಲುಚೀಲದ ಮೇಲೆ ರಕ್ತ ಯಾರಿಗೂ ಕಾಣಲಿಲ್ಲ.

ಭಾನುವಾರ ಆರಕ್ಕೆ ಹೋದೆ. ಹೊರಸಿನ ಮೇಲೆ ಚೀಲ ಹಾಕಿಕೊಂಡೇ ಕೂತಿದ್ದ. ಬಿಚ್ಚಲು ಹೋದರೆ ಎಡಗಡೆಯದು ಚರ್ಮಕ್ಕೆ ಅಂಟಿಕೊಂಡಿತ್ತು. ವಾಸನೆ ಬಂತು. ಅವನ ಹೆಂಡತಿ ಚಹಾದ ಬಟ್ಟಲನ್ನು ನೆಲಕ್ಕಿಟ್ಟು ಬಾಯಿಗೆ ಸೆರಗು ಹಿಡಿದರು. ನಾನು ಬಿಸಿನೀರು ಕೇಳಿದೆ. ಚೀಲ ನೆನೆಸಿ ಬಿಡಿಸಿದಾಗ ಬೋಗುಣಿಯ ನೀರು ಕೆಂಪಾಯಿತು. ಅವನು ನೀರನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ.

ಗದಗಿನ ಆಸ್ಪತ್ರೆಯಲ್ಲಿ ಮೊದಲು ಎರಡು ಬೆರಳು ತೆಗೆದರು, ವಾರದ ಮೇಲೆ ಪಾದ. ಅದೂ ಸಾಲದೆ ಮೊಣಕಾಲಿನ ಕೆಳಗೆ ಕತ್ತರಿಸಿದರು. ಪ್ರತಿ ಸಲವೂ ಹೊರಗೆ ಬೆಂಚಿನ ಮೇಲೆ ನಾನೂ ಅವನ ಹೆಂಡತಿಯೂ ಕೂತಿದ್ದೆವು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತೇನೋ.

ಜ್ಯೇಷ್ಠದಲ್ಲಿ ಮನೆಗೆ ಕರೆತಂದೆವು. ನಾನು ಬ್ಯಾಂಡ್ ಕಂಪನಿಗೆ ಹೋಗಿ ಮಾಲಕರಿಗೆ ಹೇಳಿದೆ: ಮೆರವಣಿಗೆ ಅವನ ಓಣಿಗೆ ಬಂದಾಗ ಆ ಹಾಡು ಬೇಡ, ಅವನಿಗೆ ಸಂಕಟವಾಗುತ್ತದೆ. ಅವರು ಒಪ್ಪಿದರು. ಅದರಂತೆ ಎರಡು ಮೂರು ಮದುವೆಗಳು ಓಣಿಯ ತಿರುವಿನಲ್ಲಿ ಹಾಡು ಬದಲಿಸಿ ದಾಟಿಹೋದವು.

ಒಂದು ಬೆಳಿಗ್ಗೆ, ಉಳಿದ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ಈಗ ಮತ್ತೆ ದಿನಾಲೂ ಹೋಗುತ್ತಿದ್ದೆ.

"ನಮ್ಮ ಓಣ್ಯಾಗ ಬಂದ ಕೂಡಲೇ ಹಾಡು ಯಾಕ ನಿಂದರತೈತಿ?" ಎಂದ.

"ನಾನ ಹೇಳೇನಿ," ಎಂದೆ.

"ಯಾಕ?"

"ನಿನಗ ತ್ರಾಸಾಗತೈತಿ ಅಂತ."

ಅವನು ಸಿಟ್ಟಾಗಲಿಲ್ಲ. "ಎಲ್ಲಾದಕ್ಕೂ ನೀ ಒಂದು ಬಂದೋಬಸ್ತ್ ಮಾಡತೀ. ಕಾಲಿಗೂ ಮಾಡಿದಿ. ಈಗ ಕಿವಿಗೂ ಮಾಡಿದಿ."

ನಾನು ಕಾಲುಚೀಲದ ಮಾತು ತೆಗೆದೆ. ಕಪ್ಪು ಆರಿಸಿದ್ದು ನಾನು, ದಿನದ ತಪಾಸಣೆ ಬಿಟ್ಟವನೂ ನಾನು ಎಂದೆ. ಅವನು ಕೈ ಅಡ್ಡ ಹಿಡಿದ.

"ಮಂಗಳವಾರನ ಚೀಲ ಒದ್ದಿ ಆಗಿದ್ದು ಕೈಗೆ ಹತ್ತಿತ್ತು. ನಿನಗ ತೋರಿಸಿದ್ರ ಸೀಜನ್ ಪೂರಾ ಮನ್ಯಾಗ ಕುಂಡ್ರಸತಿದ್ದಿ. ಇನ್ನೆರಡು ಮದುವಿ ಆಗಲಿ ಅಂತ ಸುಮ್ನಿದ್ದೆ. ತಪ್ಪು ಅರ್ಧಾ ನಂದು ಐತಿ. ಎಲ್ಲಾ ನೀನ ಹೊತಗೊಂಡು ಹೋಗಬ್ಯಾಡ." ಸ್ವಲ್ಪ ತಡೆದು, "ಹೋಗಿ ಅವರಿಗೆ ಹೇಳು. ಮನಿ ಮುಂದ ಬಂದು ಬಾರಸಲಿ. ಊದಾಕಂತೂ ಆಗೂದಿಲ್ಲ. ಕೇಳಾಕ ಕಾಲ ಬೇಕೇನು?" ಎಂದ.

ಅಂದೇ ಸಂಜೆ ಹೋದೆ. ಮಾಲಕರು ಪಂಚಾಂಗದ ಕಡೆ ಕೈ ತೋರಿಸಿದರು. "ಮಾಸ್ತರ್ರಿ, ನಾಳಿಂದ ಆಷಾಢ. ಒಂದು ತಿಂಗಳು ಎಲ್ಲಿ ಮದುವಿ? ನಾಗರ ಅಮಾಸಿ ಆಗಲಿ, ಶ್ರಾವಣದಾಗ ಮೊದಲನೇ ಮೆರವಣಿಗೀನ ನಿಮ್ಮ ದೋಸ್ತನ ಬಾಗಲಕ್ಕ ತರತೇವಿ." ಮದುವೆ ಇಲ್ಲದಿದ್ದರೂ ಸುಮ್ಮನೆ ಬಂದು ಒಮ್ಮೆ ಬಾರಿಸಿ ಹೋಗಿ ಎಂದು ಕೇಳಬಹುದಿತ್ತು. ನನಗೆ ಹೊಳೆಯಲಿಲ್ಲ. ಬ್ಯಾಂಡು ಮದುವೆಗೆ ಬರುತ್ತದೆ, ಮದುವೆ ಶ್ರಾವಣದಲ್ಲಿ ಆಗುತ್ತದೆ. ಅಲ್ಲಿಗೆ ನನ್ನ ತಲೆ ನಿಂತುಬಿಟ್ಟಿತು. ಮರಳಿ ಬಂದು ಅವನಿಗೆ ತಿಳಿಸಿ, ಕ್ಯಾಲೆಂಡರಿನಲ್ಲಿ ಮೊದಲ ಮುಹೂರ್ತದ ತಾರೀಖಿಗೆ ಗುರುತು ಹಾಕಿದೆ. ಅವನು ಕ್ಯಾಲೆಂಡರನ್ನು ಎದುರಿನ ಗೋಡೆಗೆ ತೂಗುಹಾಕಿಸಿಕೊಂಡ.

ಆಷಾಢದ ಮೂರನೆಯ ವಾರ ಅವನ ಮೂತ್ರಪಿಂಡಗಳು ಕೈಕೊಟ್ಟವು. ಆಸ್ಪತ್ರೆಗೆ ಸೇರಿಸಿದ ಎರಡನೆಯ ದಿನ ತೀರಿಕೊಂಡ. ಅವನು ಮುಸಲ್ಮಾನ, ಅವರಲ್ಲಿ ಮಣ್ಣು ಮಾಡುವಾಗ ಬಾಜಾ ಇಲ್ಲ. ಬ್ಯಾಂಡಿನವರೆಲ್ಲ ಬಂದಿದ್ದರು, ಬರಿಗೈಯಲ್ಲಿ. ಸರದಿಯ ಮೇಲೆ ಹೆಗಲು ಕೊಟ್ಟು ಮೆಲ್ಲಗೆ ನಡೆದರು. ನಾನೂ ಹೆಗಲು ಕೊಟ್ಟೆ.

ಶ್ರಾವಣದ ಮೊದಲ ಮದುವೆ ಗುರುತು ಹಾಕಿದ ದಿನವೇ ಬಂತು. ಮೆರವಣಿಗೆ ಓಣಿಯ ತಿರುವಿನಲ್ಲಿ ನಿಂತಿತು. ಮಾಲಕರು ದೂರದಿಂದಲೇ ನನ್ನ ಮುಖ ನೋಡಿದರು. ಅವನ ಹೆಂಡತಿ ಬಾಗಿಲಲ್ಲಿ ನಿಂತು, "ಬಾರಸಲಿ ಬಿಡ್ರಿ," ಎಂದರು. ಕೈ ಎತ್ತಿದೆ. ಹೊಸ ಕ್ಲಾರಿನೆಟ್ಟಿನವನು ಶುರುಮಾಡಿದ, ಹುಡುಗರು ಕುಣಿದರು.

ನಾಲ್ಕು ವರ್ಷ ಅವನ ಜೊತೆ ಹೋದ ಮೆರವಣಿಗೆಗಳಲ್ಲಿ ಆ ಹಾಡು ಎಲ್ಲೇ ಬರಲಿ, ನನ್ನ ಕಣ್ಣು ಅವನ ಪಾದದ ಮೇಲೆಯೇ ಇರುತ್ತಿತ್ತು. ಹಾಡನ್ನು ನಾನು ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ. ಅಂದು ಪೂರ್ತಿ ಕೇಳಿದೆ. ನಡುವೆ ಡ್ರಮ್ಮುಗಳೆಲ್ಲ ಸುಮ್ಮನಾಗಿ ಕ್ಲಾರಿನೆಟ್ ಒಂದೇ ಉಳಿಯುವ ಜಾಗವಿದೆ. ಅಲ್ಲಿ ಯಾರೂ ಕುಣಿಯುವುದಿಲ್ಲ, ಮುಂದಿನ ಬಡಿತಕ್ಕೆ ಕಾಯುತ್ತ ನಿಲ್ಲುತ್ತಾರೆ. ಅದನ್ನು ಅವನು ಹೇಗೆ ಊದುತ್ತಿದ್ದ ಎಂದು ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ.